ಬಳ್ಳಾರಿ ರಾಘವರು: ಎರಡು ನುಡಿಗಳ ರಂಗನಟ, ಮೂರು ಚಿತ್ರಗಳ ಪಾತ್ರಧಾರಿ

ಬಳ್ಳಾರಿಯ ರಂಗಪರಂಪರೆಯ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ರಾಘವರದು. ನಗರದ ರಾಘವ ಕಲಾಮಂದಿರವು ಆ ಹೆಸರನ್ನು ಇಂದಿಗೂ ಜನರ ನಾಲಿಗೆಯ ಮೇಲೆ ಉಳಿಸಿದೆ. ಅಲ್ಲಿ ನಾಟಕ ನೋಡಿ ಹೊರಬರುವ ತರುಣರನ್ನು ನಿಲ್ಲಿಸಿ ‘ಈ ರಾಘವರು ಯಾರು?’ ಎಂದು ಕೇಳಿದರೆ ‘ದೊಡ್ಡ ನಟರು’ ಎಂಬ ಉತ್ತರ ದೊರೆಯಬಹುದು. ಅದರಿಂದ ಮುಂದಕ್ಕೆ ಮಾತು ಸಾಗುವುದು ಕಷ್ಟ. ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ದೊರೆತಿರುವ ಸ್ಥಳ ತೀರ ಕಿರಿದು. ತೆಲುಗು ರಂಗಭೂಮಿಯ ಚರಿತ್ರೆ ಅವರನ್ನು ಶಿಖರದ ಮೇಲಿರಿಸಿದರೂ, ತೆಲುಗು ಚಲನಚಿತ್ರ ಚರಿತ್ರೆಯು ಅವರನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತದೆ. ಒಬ್ಬನೇ ಕಲಾವಿದನು ಮೂರು ಚರಿತ್ರೆಗಳಲ್ಲಿ ಮೂರು ಅಳತೆಗಳಲ್ಲಿ ಕಾಣಿಸುವುದೇಕೆ? ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಅವರ ಜೀವನವನ್ನು, ವಿಶೇಷವಾಗಿ ಅವರ ಸ್ವಲ್ಪಕಾಲದ ಚಿತ್ರಜೀವನವನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ತಾಡಿಪತ್ರಿ ರಾಘವಾಚಾರ್ಯರು ಜನಿಸಿದ್ದು 1880ರ ಆಗಸ್ಟ್ 2ರಂದು, ತಾಡಿಪತ್ರಿಯಲ್ಲಿ. ತಂದೆ ನರಸಿಂಹಾಚಾರ್ಯರು, ತಾಯಿ ಶೇಷಮ್ಮನವರು. ತಾಡಿಪತ್ರಿ ಇಂದು ಆಂಧ್ರಪ್ರದೇಶದಲ್ಲಿದೆಯೆಂಬ ಕಾರಣಕ್ಕೆ ಅವರನ್ನು ಹೊರಗಿನಿಂದ ಬಳ್ಳಾರಿಗೆ ಬಂದವರೆಂದು ಪರಿಗಣಿಸುವುದುಂಟು. ಇದು ಕಾಲವ್ಯತ್ಯಾಸದ ದೋಷ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯೇ ದತ್ತಮಂಡಲ. 1808ರಲ್ಲಿ ಅದು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಯಿತು. ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರ್ಪಡಿಸಿದ್ದು 1882ರಲ್ಲಿ. ಆದುದರಿಂದ ರಾಘವರು ಹುಟ್ಟಿದಾಗ ತಾಡಿಪತ್ರಿ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಜಿಲ್ಲೆಯ ಗೆರೆ ಸರಿದಾಗ ಅವರು ಎರಡು ವರ್ಷದ ಕೂಸು. ಅವರು ತೀರಿಕೊಂಡ ಏಳು ವರ್ಷಗಳ ಬಳಿಕ, 1953ರ ಅಕ್ಟೋಬರ್ 1ರಂದು, ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿದಾಗ ಗೆರೆ ಮತ್ತೊಮ್ಮೆ ಸರಿಯಿತು. ಸಿರುಗುಪ್ಪ, ಕುರುಗೋಡುಗಳು ಈಚೆಗೆ ಉಳಿದವು; ಆದೋನಿ, ಆಲೂರು, ರಾಯದುರ್ಗಗಳು ಆಚೆಗೆ ಹೋದವು. ಈ ಎರಡು ಗೆರೆಗಳ ನಡುವಣ ಕಾಲವೇ ರಾಘವರ ಬಾಳಿನ ಕಾಲ. ಅವರನ್ನು ಅರಿಯಬೇಕಾದವರು ಇಂದಿನ ಭೂಪಟವನ್ನು ಬದಿಗಿರಿಸಬೇಕಾಗುತ್ತದೆ.

ಆ ಕಾಲದ ಬಳ್ಳಾರಿ ದ್ವಿಭಾಷಿಕ ಪಟ್ಟಣವಾಗಿತ್ತು. ಮನೆಯಲ್ಲೊಂದು ನುಡಿ, ಪೇಟೆಯಲ್ಲೊಂದು ನುಡಿ, ಕಚೇರಿಯಲ್ಲಿ ಇಂಗ್ಲಿಷು. ದಂಡಿನ ಪ್ರದೇಶದಲ್ಲಿ ಉರ್ದುವೂ ತಮಿಳೂ ಕೇಳಿಬರುತ್ತಿದ್ದವು. ಸುತ್ತಲಿನ ಹಳ್ಳಿಗಳದು ಬೇರೊಂದು ಲೋಕ. ತುಂಗಭದ್ರೆಯ ದಂಡೆಯ ಸಿರುಗುಪ್ಪದ ಕಡೆ ವಿಜಯನಗರ ಕಾಲದ ಕಾಲುವೆಗಳ ನೀರಿನಲ್ಲಿ ಭತ್ತದ ಗದ್ದೆಗಳು. ದೊಡ್ಡಬಸವೇಶ್ವರನ ಕುರುಗೋಡಿನ ಸುತ್ತ ಎರೆಹೊಲಗಳ ಬಯಲು. ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ನಡೆಯುವ ಬಯಲಾಟ ಈ ಸೀಮೆಯ ಜನರ ರಂಗಶಿಕ್ಷಣ. ಅಟ್ಟದ ಮೇಲೆ ದುರ್ಯೋಧನನು ಭುಜಕೀರ್ತಿ, ಕಿರೀಟಗಳನ್ನು ಧರಿಸಿ ಕುಣಿಯುತ್ತ ಬರುವ ಪರಂಪರೆಯದು. ಪಟ್ಟಣದ ವಕೀಲರೂ ಉಪಾಧ್ಯಾಯರೂ ಕಟ್ಟಿದ ನಾಟಕ ಸಭೆಗಳದು ಇನ್ನೊಂದು ಪರಂಪರೆ. ಪುಸ್ತಕವನ್ನು ಕೈಯಲ್ಲಿ ಹಿಡಿದು, ಸಂಸ್ಕೃತ ಮತ್ತು ಇಂಗ್ಲಿಷ್ ನಾಟಕಗಳ ಮಾದರಿಯನ್ನು ಕಣ್ಣೆದುರಿಗಿಟ್ಟುಕೊಂಡು ಬೆಳೆದ ರಂಗಭೂಮಿಯದು. ರಾಘವರು ಈ ಎರಡನೆಯದರ ಕೂಸು.

ಆ ಪಟ್ಟಣದ ರಂಗಭೂಮಿಗೆ ಇಬ್ಬರು ಹಿರಿಯರು. ಇಬ್ಬರೂ ವಕೀಲರು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ರಾಘವರಿಗೆ ಸೋದರಮಾವ. ಆಂಧ್ರ ನಾಟಕ ಪಿತಾಮಹರೆಂದು ಹೆಸರಾದ ಇವರು ಸರಸವಿನೋದಿನೀ ಸಭೆಯನ್ನು ಕಟ್ಟಿ, ‘ಚಿತ್ರನಳೀಯ’, ‘ವಿಷಾದ ಸಾರಂಗಧರ’ ಮೊದಲಾದ ನಾಟಕಗಳನ್ನು ಬರೆದು ಆಡಿಸಿದರು. ಕನ್ನಡದಲ್ಲಿಯೂ ಇವರ ನಾಟಕ ರಚನೆಯಿತ್ತೆಂಬುದು ಕನ್ನಡ ವಿದ್ಯಾರ್ಥಿಗಳು ಮರೆಯಬಾರದ ಅಂಶ. ಕೋಲಾಚಲಂ ಶ್ರೀನಿವಾಸರಾಯರು (1854–1919) ಹಂಪಿಯ ಮಗ್ಗುಲಿನ ಕಮಲಾಪುರದಲ್ಲಿ ಜನಿಸಿದವರು. ಸುಮನೋರಮಾ ಸಭೆಯ ಸ್ಥಾಪಕರು. ಚಾರಿತ್ರಿಕ ನಾಟಕಕ್ಕೆ ತೆಲುಗಿನಲ್ಲಿ ಗಟ್ಟಿಯಾದ ಅಡಿಪಾಯ ಹಾಕಿದವರು. ಧರ್ಮವರಂ ಅವರ ನಾಟಕಗಳಲ್ಲಿ ಪದ್ಯ ಮತ್ತು ಗೀತಗಳಿಗೆ ಪ್ರಾಧಾನ್ಯ. ಕೋಲಾಚಲಂ ಅವರದು ಇತಿಹಾಸದತ್ತ ಹೊರಳಿದ ದೃಷ್ಟಿ. ಸೋದರಮಾವನ ಮನೆಯಲ್ಲಿ ನಾಟಕದ ರುಚಿ ಕಂಡ ರಾಘವರು, ತಮ್ಮ ನಟನೆಗೆ ಆಸರೆಯಾಗಿ ಕಂಡುಕೊಂಡದ್ದು ಕೋಲಾಚಲಂ ಅವರ ಸಭೆಯನ್ನು. ಇದನ್ನು ಕುಟುಂಬದೊಳಗಿನ ಮುನಿಸೆಂದು ವಿವರಿಸುವುದು ಸುಲಭ. ರಾಘವರ ಮುಂದಿನ ದಾರಿಯನ್ನು ನೋಡಿದರೆ, ಅದು ನಟನೆಯ ಸ್ವರೂಪವನ್ನೇ ಕುರಿತ ಆಯ್ಕೆಯಾಗಿತ್ತೆಂದು ತಿಳಿಯುವುದು ಹೆಚ್ಚು ಸರಿ.

ಬಳ್ಳಾರಿಯಲ್ಲಿ ಶಾಲಾಶಿಕ್ಷಣವನ್ನು ಮುಗಿಸಿ, ಮದರಾಸಿನಲ್ಲಿ ಕಾನೂನು ಓದಿ, ರಾಘವರು ಮರಳಿ ಬಂದದ್ದು ಬಳ್ಳಾರಿಯ ನ್ಯಾಯಾಲಯಕ್ಕೆ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿ ಸರ್ಕಾರಿ ವಕೀಲರೂ ಆದರು. ನಾಟಕವು ಅವರ ಜೀವನೋಪಾಯವಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕಂಪನಿ ನಾಟಕದ ನಟನು ಟಿಕೇಟಿನ ಹಣವನ್ನು ನಂಬಿದ್ದವನು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಬೇಕಾಗಿದ್ದ ಕಾಲವದು. ವಕೀಲಿಯಿಂದ ಮನೆ ನಡೆಸುತ್ತಿದ್ದ ರಾಘವರಿಗೆ ಆ ಹಂಗಿರಲಿಲ್ಲ. ರಾಗಾಲಾಪನೆಯಿಂದ ನಾಟಕದ ಭಾವ ಕೆಡುತ್ತದೆ, ಮಾತು ಮಾತಾಗಿಯೇ ಕೇಳಬೇಕು, ಮುಖ ಮತ್ತು ಮೌನಗಳೂ ಅರ್ಥ ಹೊಮ್ಮಿಸಬೇಕು ಎಂಬ ತಮ್ಮ ನಿಲುವನ್ನು ಅವರು ಪ್ರೇಕ್ಷಕರ ಅಭಿರುಚಿಗೆ ಎದುರಾಗಿ ನಿಂತು ಸಾಧಿಸಲು ಸಾಧ್ಯವಾದದ್ದು ಈ ಆರ್ಥಿಕ ಸ್ವಾತಂತ್ರ್ಯದಿಂದ. ಹವ್ಯಾಸಿ ರಂಗಭೂಮಿಯ ಇತಿಹಾಸದಲ್ಲಿ ವಕೀಲರ ಪಾತ್ರವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕಾದ ಅಗತ್ಯವಿದೆ. ಬಳ್ಳಾರಿಯ ಧರ್ಮವರಂ, ಕೋಲಾಚಲಂ, ರಾಘವ ಈ ಮೂವರೂ ಕರಿಕೋಟಿನವರೆಂಬುದು ಆಕಸ್ಮಿಕವಲ್ಲ.

ಅವರ ಪಾತ್ರಗಳ ವ್ಯಾಪ್ತಿ ದೊಡ್ಡದು. ಹರಿಶ್ಚಂದ್ರ, ದುರ್ಯೋಧನ, ಹಿರಣ್ಯಕಶಿಪು, ಚಾಣಕ್ಯ, ರಾಮದಾಸ, ಕಬೀರ. ಇಂಗ್ಲಿಷಿನಲ್ಲಿ ಷೇಕ್ಸ್‌ಪಿಯರನ ಒಥೆಲೊ, ಷೈಲಾಕರು. ಇವುಗಳಲ್ಲಿ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿದ್ದು ಕೋಲಾಚಲಂ ಅವರ ‘ರಾಮರಾಜ ಚರಿತ್ರೆ’ಯ ಪಠಾಣ್ ರುಸ್ತುಂ. ವಿಜಯನಗರದ ಪತನ ಆ ನಾಟಕದ ವಸ್ತು. ರಾಬರ್ಟ್ ಸಿವೆಲ್ ಅವರ ವಿಜಯನಗರ ಚರಿತ್ರೆಯ ಗ್ರಂಥ 1900ರಲ್ಲಿ ಹೊರಬಂದು ಹಂಪಿಯ ಅವಶೇಷಗಳತ್ತ ವಿದ್ಯಾವಂತರ ಗಮನ ಹರಿದಿದ್ದ ಕಾಲ. ಹಿಂದೂ ಮುಸ್ಲಿಮರ ನಡುವೆ ವೈಮನಸ್ಯಕ್ಕೆ ಎಡೆಯಾಗುವುದೆಂದು ಸರ್ಕಾರವು ಈ ನಾಟಕದ ಪ್ರದರ್ಶನವನ್ನು ನಿಷೇಧಿಸಿತು. ಅದೇ ನಟನು ಮುಂದೆ ‘ದೀನಬಂಧು ಕಬೀರ’ದಲ್ಲಿ ಎರಡು ಧರ್ಮಗಳ ನಡುವೆ ನಿಂತ ಸಂತನಾಗಿ ಕಾಣಿಸಿಕೊಂಡದ್ದನ್ನು ಇದರೊಡನೆ ಇಟ್ಟು ನೋಡಬೇಕು. ಬೆಂಗಳೂರಿನ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ 1909ರಲ್ಲಿ ಆರಂಭವಾದ ಸಂಸ್ಥೆ. ರಾಘವರಿಗೆ ಅದರೊಡನೆ ನಿಕಟ ಸಂಬಂಧವಿತ್ತು. 1927ರಲ್ಲಿ ಆರೋಗ್ಯ ಸುಧಾರಣೆಗಾಗಿ ಮೈಸೂರು ಸಂಸ್ಥಾನದಲ್ಲಿ ತಂಗಿದ್ದ ಗಾಂಧೀಜಿಯವರು ನೋಡಿ ಮೆಚ್ಚಿದ್ದು ಈ ಕಬೀರನನ್ನು. ಮೈಸೂರು ಸಂಸ್ಥಾನದ ಕನ್ನಡ ರಂಗಾಸಕ್ತರಿಗೂ ಮದರಾಸು ಪ್ರಾಂತದ ಬಳ್ಳಾರಿಗೂ ನಡುವೆ ಇದ್ದ ಕೊಂಡಿಗಳಲ್ಲಿ ರಾಘವರು ಮುಖ್ಯರು.

ಆ ಸುಮಾರಿಗೆ ಅವರು ಯುರೋಪ್ ಪ್ರವಾಸವನ್ನೂ ಕೈಗೊಂಡರು. ಇಂಗ್ಲೆಂಡಿನಲ್ಲಿ ಅಲ್ಲಿನ ರಂಗಭೂಮಿಯನ್ನು ಹತ್ತಿರದಿಂದ ಕಂಡರು. ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಷಾ ಅವರು ಇವರನ್ನು ಹೊಗಳಿದರೆಂಬ ಮಾತು ಹಲವು ರೂಪಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದೆ. ಇಂತಹ ಹೊಗಳಿಕೆಯ ಕಥೆಗಳಿಗೆ ಸಂಶೋಧಕರು ಅತಿಯಾದ ಬೆಲೆ ಕೊಡಬೇಕಾಗಿಲ್ಲ. ಪರದೇಶದವರ ಮೆಚ್ಚುಗೆಯಿಂದ ನಮ್ಮವರನ್ನು ಅಳೆಯುವ ವಸಾಹತು ಕಾಲದ ಅಭ್ಯಾಸವನ್ನು ಅವು ತೋರಿಸುತ್ತವೆ. ಪ್ರವಾಸದಿಂದ ಮರಳಿದ ಮೇಲೆ ರಾಘವರು ಇಲ್ಲಿ ಏನು ಮಾಡಿದರೆಂಬುದೇ ಹೆಚ್ಚು ಮುಖ್ಯ.

ಅವರು ಹಿಡಿದ ಮೊದಲ ಕೆಲಸವೆಂದರೆ ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಮಾಡಿಸುವುದು. ವೃತ್ತಿ ಕಂಪನಿಗಳಲ್ಲಿ ನಟಿಯರಿದ್ದರು. ಆದರೆ ವಿದ್ಯಾವಂತ ಕುಟುಂಬಗಳ ಹೆಣ್ಣುಮಕ್ಕಳು ರಂಗಕ್ಕೆ ಬರುವುದೆಂದರೆ ಲೋಕಾಪವಾದವನ್ನು ತಲೆಯ ಮೇಲೆ ಹೊತ್ತಂತೆ. ರಾಘವರು ಕೊಮ್ಮೂರಿ ಪದ್ಮಾವತೀದೇವಿಯವರಂತಹವರನ್ನು ರಂಗಕ್ಕೆ ಕರೆತಂದು, ತಮ್ಮೆದುರು ಸಮಸಮವಾಗಿ ನಿಲ್ಲಿಸಿದರು. ಎರಡನೆಯದು, ಸಮಕಾಲೀನ ಜೀವನದ ನಾಟಕಗಳು. ಪಿ. ವಿ. ರಾಜಮನ್ನಾರ್ ಅವರ ‘ತಪ್ಪೆವರಿದಿ’ ನಾಟಕವನ್ನು ಅವರು ರಂಗಕ್ಕೆ ತಂದರು. ಹೆಣ್ಣಿನ ತಪ್ಪನ್ನು ಎತ್ತಿ ಆಡುವ ಸಮಾಜವನ್ನೇ ‘ತಪ್ಪು ಯಾರದು?’ ಎಂದು ಪ್ರಶ್ನಿಸುವ ಈ ನಾಟಕದ ಕರ್ತೃವೂ ವಕೀಲರೇ. ಮುಂದೆ ಅವರು ಮದರಾಸಿನ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿ, 1953ರಲ್ಲಿ ಸ್ಥಾಪನೆಯಾದ ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆದರು. ಪೌರಾಣಿಕ ಕಿರೀಟಗಳನ್ನು ಇಳಿಸಿ, ಮನೆಯ ಪಡಸಾಲೆಯನ್ನು ರಂಗದ ಮೇಲೆ ತಂದ ಈ ಹೊರಳುವಿಕೆಯೇ ಮುಂದೆ ಅವರ ಚಿತ್ರಜೀವನವನ್ನು ಅರಿಯಲು ಕೀಲಿಕೈ.

ಬಳ್ಳಾರಿಗೂ ಚಲನಚಿತ್ರಕ್ಕೂ ಇರುವ ನಂಟು ರಾಘವರಿಗಿಂತ ಮೊದಲಿನದು. ತೆಲುಗಿನ ಮೊದಲ ವಾಕ್ಚಿತ್ರ, ಎಚ್. ಎಂ. ರೆಡ್ಡಿಯವರ ‘ಭಕ್ತ ಪ್ರಹ್ಲಾದ’ ತೆರೆಕಂಡದ್ದು 1932ರಲ್ಲಿ. ಅದಕ್ಕೆ ಆಧಾರವಾದದ್ದು ಸುರಭಿ ನಾಟಕ ತಂಡದವರು ಆಡುತ್ತಿದ್ದ, ಧರ್ಮವರಂ ಅವರ ನಾಟಕ. ಹೀಗೆ ಬಳ್ಳಾರಿಯ ವಕೀಲರೊಬ್ಬರು ಬರೆದ ಕೃತಿಯು, ಅವರು ಕಾಲವಾಗಿ ಇಪ್ಪತ್ತು ವರ್ಷಗಳಾದ ಮೇಲೆ, ಒಂದು ಭಾಷೆಯ ಚಲನಚಿತ್ರಕ್ಕೆ ಮೊದಲ ಮಾತು ಕೊಟ್ಟಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದು 1934ರಲ್ಲಿ. ಅಲ್ಲಿಯೂ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರಂತಹ ರಂಗನಟರೇ ತೆರೆಯನ್ನು ತುಂಬಿದರು. ರಂಗಭೂಮಿಯು ತನ್ನ ನಾಟಕ, ನಟ, ಹಾಡು, ಉಡುಪುಗಳನ್ನೆಲ್ಲ ಹೊಸ ಮಾಧ್ಯಮಕ್ಕೆ ಬಿಟ್ಟುಕೊಟ್ಟ ಕಾಲವದು.

ರಾಘವರು ಕ್ಯಾಮೆರಾದ ಮುಂದೆ ನಿಂತದ್ದು 1936ರಲ್ಲಿ, ‘ದ್ರೌಪದೀ ಮಾನಸಂರಕ್ಷಣಂ’ ಚಿತ್ರದಲ್ಲಿ, ದುರ್ಯೋಧನನಾಗಿ. ಆಗ ಅವರ ವಯಸ್ಸು ಐವತ್ತಾರು. ಅವರ ಶಿಷ್ಯರಾದ ಬಂದಾ ಕನಕಲಿಂಗೇಶ್ವರರಾಯರು ಕೃಷ್ಣನ ಪಾತ್ರ ವಹಿಸಿದ್ದರು. ಅದೇ ವರ್ಷ ಅದೇ ಕಥೆಯ ‘ದ್ರೌಪದೀ ವಸ್ತ್ರಾಪಹರಣಂ’ ಎಂಬ ಮತ್ತೊಂದು ಚಿತ್ರವೂ ಬಂದಿತು. ಅದರಲ್ಲಿ ಯಡವಲ್ಲಿ ಸೂರ್ಯನಾರಾಯಣ ದುರ್ಯೋಧನ, ಸಿ. ಎಸ್. ಆರ್. ಆಂಜನೇಯುಲು ಕೃಷ್ಣ, ಕಣ್ಣಾಂಬಾ ದ್ರೌಪದಿ. ಪದ್ಯಗಾಯನದಲ್ಲಿ ಹೆಸರಾದವರು ತುಂಬಿದ್ದ ಆ ಚಿತ್ರ ಗೆದ್ದಿತು. ರಾಘವರ ಚಿತ್ರ ಸೋತಿತು. ಈ ಸೋಲನ್ನು ರಾಘವರ ನಟನೆಯ ಸೋಲೆಂದು ಬಗೆಯುವುದು ತಪ್ಪಾದೀತು. ಅಂದಿನ ವಾಕ್ಚಿತ್ರವು ಬಹುಮಟ್ಟಿಗೆ ಹಾಡುವ ಚಿತ್ರ. ಹಿನ್ನೆಲೆಗಾಯನವಿನ್ನೂ ನೆಲೆಗೊಂಡಿರಲಿಲ್ಲ; ನಟನೇ ಹಾಡಬೇಕು, ಮೈಕಿಗೆ ಕೇಳುವಂತೆ ನಿಂತಲ್ಲಿಯೇ ನಿಂತು ಹಾಡಬೇಕು. ಮೂವತ್ತು ವರ್ಷ ರಾಗವನ್ನು ರಂಗದಿಂದ ಹಿಂದಕ್ಕೆ ಸರಿಸಲು ಹೆಣಗಿದ ನಟನು, ರಾಗವೇ ಪ್ರಧಾನವಾದ ಮಾಧ್ಯಮಕ್ಕೆ, ಅದೂ ಪೌರಾಣಿಕ ಪಾತ್ರದ ಮೂಲಕ ಪ್ರವೇಶಿಸಿದ್ದು ವಿಧಿವಿಪರ್ಯಾಸ. ಸೂಕ್ಷ್ಮ ಮುಖಭಾವವನ್ನು ಹಿಡಿಯಬಲ್ಲ ಯಂತ್ರ ಅವರಂತಹ ನಟರಿಗಾಗಿಯೇ ಹುಟ್ಟಿತ್ತು. ಆದರೆ ಆ ಯಂತ್ರದ ಹಿಂದಿದ್ದವರ ಅಭಿರುಚಿ ಹಳೆಯ ರಂಗದ್ದೇ ಆಗಿತ್ತು.

ಎರಡನೆಯ ಚಿತ್ರ ಈ ಕೊರತೆಯನ್ನು ತುಂಬಿಕೊಟ್ಟಿತು. ಗೂಡವಲ್ಲಿ ರಾಮಬ್ರಹ್ಮಂ ಅವರು ಅಸ್ಪೃಶ್ಯತೆಯನ್ನು ಕುರಿತ ‘ಮಾಲಪಿಲ್ಲ’ (1938) ಚಿತ್ರದ ಬಳಿಕ, ಸಾರಥಿ ಸಂಸ್ಥೆಗಾಗಿ 1939ರಲ್ಲಿ ‘ರೈತುಬಿಡ್ಡ’ವನ್ನು ನಿರ್ದೇಶಿಸಿದರು. ಜಮೀನ್ದಾರರ ದಬ್ಬಾಳಿಕೆಗೆ ಸಿಲುಕಿದ ರೈತ ನರಸಿರೆಡ್ಡಿಯ ಪಾತ್ರ ರಾಘವರದು. ಕಿರೀಟವಿಲ್ಲ, ಗದೆಯಿಲ್ಲ. ತಲೆಗೆ ರುಮಾಲು, ಹೆಗಲಿಗೆ ಬಟ್ಟೆ. ಕಾಲವೂ ಕಥೆಗೆ ತಕ್ಕುದಾಗಿತ್ತು. 1937ರಲ್ಲಿ ಮದರಾಸು ಪ್ರಾಂತದಲ್ಲಿ ರಾಜಾಜಿಯವರ ಮಂತ್ರಿಮಂಡಲ ಬಂದಿತು. ಕಂದಾಯ ಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಸಮಿತಿಯು 1938ರಲ್ಲಿ ಜಮೀನ್ದಾರಿ ಪ್ರದೇಶಗಳ ರೈತರ ಸ್ಥಿತಿಯನ್ನು ಕುರಿತು ವರದಿಯನ್ನು ಸಲ್ಲಿಸಿತು. ಪ್ರಕಾಶಂ ಅವರ ಅಣ್ಣತಮ್ಮಂದಿರ ಮಗಳಾದ ಸೂರ್ಯಕುಮಾರಿಯವರೂ ಈ ಚಿತ್ರದಲ್ಲಿ ಅಭಿನಯಿಸಿದ್ದರು. ಸಾರಥಿ ಸಂಸ್ಥೆಯ ಬೆನ್ನಿಗೆ ನಿಂತವರು ಚಲ್ಲಪಲ್ಲಿಯ ಜಮೀನ್ದಾರರೆಂಬುದು ವಿಚಿತ್ರವಾದರೂ ಸತ್ಯ. ಚಿತ್ರ ಬಂದೊಡನೆ ಇತರ ಜಮೀನ್ದಾರರು ಕೆರಳಿದರು. ಒತ್ತಡಕ್ಕೆ ಮಣಿದು ಅದರ ಪ್ರದರ್ಶನವನ್ನು ನಿಷೇಧಿಸಲಾಯಿತು. ‘ರಾಮರಾಜ ಚರಿತ್ರೆ’ಯಿಂದ ‘ರೈತುಬಿಡ್ಡ’ದವರೆಗೆ ರಾಘವರ ಕಲೆಯು ಸರ್ಕಾರದ ನಿಷೇಧವನ್ನು ಎರಡು ಸಲ ಎದುರಿಸಿತು.

ಈ ಚಿತ್ರವನ್ನು ಬಳ್ಳಾರಿಯ ಕಡೆಯಿಂದ ನೋಡಿದರೆ ಮತ್ತೊಂದು ಅಂಶ ಹೊಳೆಯುತ್ತದೆ. ದತ್ತಮಂಡಲಕ್ಕೆ 1800ರಲ್ಲಿ ಮೊದಲ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಏಳು ವರ್ಷಗಳ ಕಾಲ ಇಲ್ಲಿ ಹೊಲಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಆದಕಾರಣ ಸಿರುಗುಪ್ಪದ ಗದ್ದೆಯ ರೈತನಿಗಾಗಲಿ ಕುರುಗೋಡಿನ ಎರೆಹೊಲದ ರೈತನಿಗಾಗಲಿ ಕರಾವಳಿ ಆಂಧ್ರದ ಬಗೆಯ ಜಮೀನ್ದಾರನು ಎದುರಿಗಿರಲಿಲ್ಲ. ಅವರ ಎದುರಿಗಿದ್ದದ್ದು ಸರ್ಕಾರದ ಕಂದಾಯ, ಸಾಹುಕಾರನ ಬಡ್ಡಿ ಮತ್ತು ಬರ. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ರಾಘವರು ಹುಟ್ಟಿದ್ದು ಅದರ ನೆರಳು ಸರಿಯುವ ಮೊದಲೇ. ಬಳ್ಳಾರಿಯ ನ್ಯಾಯಾಲಯದ ಕಟ್ಟೆಯ ಮೇಲೆ ಪತ್ರ ಹಿಡಿದು ಕೂತ ರೈತರು, ಕಟಕಟೆಯಲ್ಲಿ ನಿಂತು ತಡವರಿಸುವ ಸಾಕ್ಷಿಗಳು ವಕೀಲನ ದಿನನಿತ್ಯದ ನೋಟ. ನರಸಿರೆಡ್ಡಿಯು ಕರಾವಳಿಯ ರೈತ. ಆದರೆ ಅವನಿಗೆ ಮೈಕೊಟ್ಟ ನಟನು ರೈತನ ಅಸಹಾಯಕತೆಯನ್ನು ಮೂರು ದಶಕ ಹತ್ತಿರದಿಂದ ಕಂಡವನು. ಪಾತ್ರದ ಮೂಲವನ್ನು ಗ್ರಂಥಗಳಲ್ಲಿ ಮಾತ್ರ ಹುಡುಕುವ ನಮ್ಮ ಅಭ್ಯಾಸಕ್ಕೆ ಇದೊಂದು ಎಚ್ಚರಿಕೆ.

ಮೂರನೆಯ ಚಿತ್ರ ‘ಚಂಡಿಕ’ (1940). ಕಣ್ಣಾಂಬಾ ಅವರ ಪ್ರತಾಪವೇ ಮುಖ್ಯವಾಗಿದ್ದ ಈ ರಾಜರ ಕಥೆಯಲ್ಲಿ ರಾಘವರದು ಪೋಷಕ ಪಾತ್ರ. ಅಲ್ಲಿಗೆ ಅವರ ಚಿತ್ರಜೀವನ ಮುಗಿಯಿತು. 1946ರ ಏಪ್ರಿಲ್ 16ರಂದು ಅವರು ನಿಧನರಾದರು. ಅರ್ಧ ಶತಮಾನಕ್ಕೆ ಸಮೀಪವಾದ ರಂಗಜೀವನ ಒಂದು ಕಡೆ, ನಾಲ್ಕೈದು ವರ್ಷಗಳ ಮೂರು ಚಿತ್ರಗಳು ಮತ್ತೊಂದು ಕಡೆ. ತೂಕ ಎತ್ತ ಹೆಚ್ಚೆಂದು ಹೇಳಬೇಕಾಗಿಲ್ಲ. ಆದರೂ ಚರಿತ್ರೆಯ ದೃಷ್ಟಿಯಿಂದ ಈ ಮೂರು ಚಿತ್ರಗಳಿಗೆ ಬೇರೆಯೇ ಬೆಲೆಯಿದೆ. ರಂಗನಟನ ಕಲೆಯು ಪರದೆ ಇಳಿದೊಡನೆ ಅಳಿಯುತ್ತದೆ. ನೋಡಿದವರ ನೆನಪು ಅಳಿದಾಗ ಮತ್ತೊಮ್ಮೆ ಅಳಿಯುತ್ತದೆ. ಹಾಗೆ ಅಳಿದುಹೋಗುವ ಕಲೆಗೆ ಯಂತ್ರದ ಸಾಕ್ಷ್ಯ ದೊರೆತದ್ದು ಐವತ್ತಾರನೆಯ ವಯಸ್ಸಿನಲ್ಲಿ, ಅದೂ ತನ್ನದಲ್ಲದ ಅಭಿರುಚಿಯ ಅಂಕೆಯಲ್ಲಿ.

ಮೊದಲಿನ ಪ್ರಶ್ನೆಗೆ ಈಗ ಮರಳಬಹುದು. ಸಾಹಿತ್ಯ ಚರಿತ್ರೆಯು ಕೃತಿಯನ್ನು ಹುಡುಕುತ್ತದೆ, ರಾಘವರು ನಟರು. ಆದುದರಿಂದ ಅಲ್ಲಿ ಅವರಿಗೆ ಸ್ಥಳ ಕಿರಿದು. ಚಲನಚಿತ್ರ ಚರಿತ್ರೆಯು ಗೆಲುವನ್ನು ಹುಡುಕುತ್ತದೆ, ಅವರ ಮೊದಲ ಚಿತ್ರ ಸೋತಿತು, ಎರಡನೆಯದು ನಿಷೇಧಕ್ಕೆ ಒಳಗಾಯಿತು. ಅಲ್ಲಿಯೂ ಸ್ಥಳ ಕಿರಿದು. ಭಾಷಾವಾರು ಪ್ರಾಂತಗಳ ಬಳಿಕ ಬರೆದ ಚರಿತ್ರೆಗಳು ಒಂದು ಭಾಷೆಯ ಗೆರೆಯೊಳಗೆ ನಿಂತು ನೋಡುತ್ತವೆ. ಎರಡು ಭಾಷೆಗಳಲ್ಲಿ ಬದುಕಿದವರು ಅಲ್ಲಿ ಅರ್ಧರ್ಧವಾಗಿ ಕಾಣುತ್ತಾರೆ. ಬಳ್ಳಾರಿ ಕನ್ನಡ ನಾಡಿಗೆ ಸೇರಿದ್ದು ನ್ಯಾಯವೇ. ಆದರೆ ಊರನ್ನು ಪಡೆದ ಮೇಲೆ ಅದರ ನೆನಪುಗಳನ್ನೂ ಪಡೆಯಬೇಕಲ್ಲವೆ? ತೆಲುಗಿನಲ್ಲಿ ನುಡಿದನೆಂಬ ಕಾರಣಕ್ಕೆ ಊರಿನ ಮಗನನ್ನು ಪಕ್ಕದ ಮನೆಗೆ ಬಿಟ್ಟುಕೊಟ್ಟರೆ ನಷ್ಟ ನಮ್ಮದೇ.

ಬಳ್ಳಾರಿ ಸೀಮೆಯ ರಂಗಕರ್ಮಿಗಳು ಈ ಭೇದವನ್ನು ಎಣಿಸಲಿಲ್ಲ. ಗಮಕಿಯೂ ನಾಟಕಕಾರರೂ ಆದ ಜೋಳದರಾಶಿ ದೊಡ್ಡನಗೌಡರು ರಾಘವರನ್ನು ಗುರುಸ್ಥಾನದಲ್ಲಿಟ್ಟು ಕನ್ನಡದಲ್ಲಿ ಆ ಪರಂಪರೆಯನ್ನು ಮುಂದುವರಿಸಿದರು. ಭಾರತೀಯ ಅಂಚೆ ಇಲಾಖೆಯು 1981ರಲ್ಲಿ ರಾಘವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಊರವರು ಅವರ ಹೆಸರಿನ ಕಲಾಮಂದಿರವನ್ನು ಕಾಪಾಡಿಕೊಂಡು ಬಂದಿದ್ದಾರೆ. ಉಳಿದಿರುವುದು ಓದುವವರ, ಬರೆಯುವವರ ಪಾಲಿನ ಕೆಲಸ. ಬಳ್ಳಾರಿಯ ನಾಟಕ ಸಭೆಗಳನ್ನು ಕುರಿತು ಅಧ್ಯಯನ ಮಾಡುವ ವಿದ್ಯಾರ್ಥಿಯು ಕನ್ನಡ, ತೆಲುಗು ಎರಡನ್ನೂ ಕಲಿತು, ಕೋರ್ಟಿನ ಕಡತಗಳನ್ನೂ ಕರಪತ್ರಗಳನ್ನೂ ಬಯಲಾಟದ ಹಿರಿಯರ ಮಾತುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಕುಳಿತರೆ, ವಿದ್ಯಾವಂತರ ರಂಗ ಮತ್ತು ಬಯಲಿನ ರಂಗಗಳ ನಡುವಣ ಕೊಡುಕೊಳೆಯ ಚಿತ್ರವೊಂದು ಮೂಡೀತು. ಆ ಚಿತ್ರದ ನಡುವೆ ಕರಿಕೋಟನ್ನು ಕಳಚಿಟ್ಟು ಬಣ್ಣ ಹಚ್ಚಿಕೊಳ್ಳುತ್ತಿರುವ ರಾಘವರು ಪೂರ್ಣವಾಗಿ ಕಂಡಾರು.